ಮೊದಲ ಮನೆಗೆ 3.5 ಲಕ್ಷದ ಬಡ್ಡಿ ಕಡಿತ: ಈಗ ಸಾಲ ಪಡೆದವರಿಗೆ ಸಿಗುವುದೇನು?

ಪ್ರಶ್ನೆ: ಮೈಸೂರಿನಲ್ಲಿ ಖಾಸಗಿ ಕಂಪನಿಯ ಉದ್ಯೋಗಿ. ವರ್ಷದ ಸಂಬಳ 15 ಲಕ್ಷ ರೂಪಾಯಿ, ಪತ್ನಿಯದು 8 ಲಕ್ಷ. ಇಬ್ಬರ ಹೆಸರಿನಲ್ಲೂ ಮನೆ ಇಲ್ಲ. ನಿರ್ಮಾಣ ಹಂತದಲ್ಲಿರುವ ಒಂದು ಫ್ಲ್ಯಾಟನ್ನು 52 ಲಕ್ಷಕ್ಕೆ ಕೊಳ್ಳುತ್ತಿದ್ದೇವೆ. ಕಳೆದ ತಿಂಗಳು 40 ಲಕ್ಷ ಸಾಲ ಮಂಜೂರಾಗಿದೆ, ಬಡ್ಡಿ ಶೇ 8.5, ಅವಧಿ 20 ವರ್ಷ. 2027ರ ಡಿಸೆಂಬರ್‌ಗೆ ಕೀಲಿ ಕೈ ಕೊಡುವುದಾಗಿ ಬಿಲ್ಡರ್ ಹೇಳಿದ್ದಾರೆ. ಉಳಿದ ಹಣಕ್ಕೆ 2016ರ ಜೂನ್‌ನಲ್ಲಿ 6 ಲಕ್ಷಕ್ಕೆ ಕೊಂಡಿದ್ದ ನಿವೇಶನವನ್ನು 16 ಲಕ್ಷಕ್ಕೆ ಮಾರುವ ಯೋಚನೆ ಇದೆ. ಮೊದಲ ಮನೆ ಕೊಳ್ಳುವವರಿಗೆ ವರ್ಷಕ್ಕೆ 3.5 ಲಕ್ಷದವರೆಗೆ ಬಡ್ಡಿಗೆ ತೆರಿಗೆ ರಿಯಾಯಿತಿ ಇದೆ, ಅದಕ್ಕಾಗಿ ಹಳೆ ತೆರಿಗೆ ಪದ್ಧತಿಗೆ ಮರಳಬೇಕು, ಪತ್ನಿಯನ್ನೂ ಮಾಲೀಕರಾಗಿ ಸೇರಿಸಿದರೆ ಲಾಭ ಎರಡರಷ್ಟು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ?

ಉತ್ತರ: ಸಹೋದ್ಯೋಗಿಗಳ ಮೂರು ಮಾತುಗಳೂ ನಿಮಗೆ ಅನ್ವಯಿಸುವುದಿಲ್ಲ. ನಿಮಗೆ ನಿಜವಾಗಿ ಹಣ ಉಳಿಸುವ ನಿಯಮ ಗೃಹಸಾಲಕ್ಕೆ ಸಂಬಂಧಿಸಿದ್ದಲ್ಲ, ನಿವೇಶನದ ಮಾರಾಟಕ್ಕೆ ಸಂಬಂಧಿಸಿದ್ದು. ಅದಕ್ಕೆ ಆಮೇಲೆ ಬರುತ್ತೇವೆ. ಇಲ್ಲಿರುವ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು. 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಎಲ್ಲರಿಗೂ ಪರಿಚಿತವಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇವೆ.

3.5 ಲಕ್ಷದ ಮಾತು ಹುಟ್ಟಿದ್ದು ಎರಡು ಸೆಕ್ಷನ್‌ಗಳನ್ನು ಕೂಡಿಸಿ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ 24(ಬಿ) ಅಡಿ ವರ್ಷಕ್ಕೆ ಗರಿಷ್ಠ 2 ಲಕ್ಷ ರೂಪಾಯಿ ಕಡಿತ. ಇದು ಮೊದಲ ಮನೆಯೇ ಆಗಿರಬೇಕೆಂದಿಲ್ಲ. ಅದರ ಮೇಲೆ, ಮೊದಲ ಮನೆ ಕೊಳ್ಳುವವರಿಗೆಂದೇ 80ಇಇಎ ಅಡಿ ಇನ್ನೂ 1.5 ಲಕ್ಷ. ಆದರೆ 80ಇಇಎ ಸಿಗುವುದು 2019ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರ ನಡುವೆ ಮಂಜೂರಾದ ಸಾಲಗಳಿಗೆ ಮಾತ್ರ. ಮನೆಯ ಮುದ್ರಾಂಕ ಮೌಲ್ಯ (ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಲೆಕ್ಕ ಹಿಡಿಯುವ ಬೆಲೆ) 45 ಲಕ್ಷ ಮೀರಿರಬಾರದು, ಸಾಲ ಬ್ಯಾಂಕಿನದೋ ಗೃಹಹಣಕಾಸು ಸಂಸ್ಥೆಯದೋ ಆಗಿರಬೇಕು, ಮಂಜೂರಾತಿಯ ದಿನ ನಿಮ್ಮ ಹೆಸರಿನಲ್ಲಿ ಬೇರೆ ವಾಸದ ಮನೆ ಇರಬಾರದು. ಅದಕ್ಕೂ ಹಿಂದಿನ 80ಇಇ 2016-17ರಲ್ಲಿ ಮಂಜೂರಾದ ಸಾಲಗಳಿಗೆ ಇತ್ತು: ಸಾಲ 35 ಲಕ್ಷ, ಮನೆ 50 ಲಕ್ಷದೊಳಗೆ, ಕಡಿತ 50,000. ಎರಡರ ಅವಧಿಯೂ ಮುಗಿದಿದೆ, ಅವುಗಳ ಜಾಗಕ್ಕೆ ಹೊಸದೇನೂ ಬಂದಿಲ್ಲ. ನಿಮ್ಮ ಸಾಲದ ಮಂಜೂರಾತಿ ದಿನಾಂಕವೇ ಹೊಂದುವುದಿಲ್ಲ, ಬೆಲೆಯೂ ಹೊಂದುವುದಿಲ್ಲ.

ಆ ಅವಧಿಯಲ್ಲಿ ಸಾಲ ಪಡೆದು ಹಳೆ ಪದ್ಧತಿಯಲ್ಲೇ ಉಳಿದವರು ಸಾಲ ತೀರುವವರೆಗೂ ಪ್ರತಿ ವರ್ಷ ಈ ಕಡಿತ ಪಡೆಯಬಹುದು. ನಿಮ್ಮ ಸಹೋದ್ಯೋಗಿಗಳು ಬಹುಶಃ ಅಂಥವರು. ಅವರಿಗೆ ಒಂದು ಎಚ್ಚರಿಕೆ: ಬಡ್ಡಿ ಕಡಿಮೆಯೆಂದು ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಮುನ್ನ ಯೋಚಿಸಬೇಕು. ಹಳೆ ಸಾಲ ತೀರಿಸಲು ತೆಗೆದ ಹೊಸ ಸಾಲದ ಬಡ್ಡಿಗೂ ಕಡಿತ ಉಂಟು ಎಂದು 24(ಬಿ) ಸ್ಪಷ್ಟವಾಗಿ ಹೇಳುತ್ತದೆ. 80ಇಇಎಯಲ್ಲಿ ಅಂಥ ಮಾತೇ ಇಲ್ಲ, ಹೊಸ ಸಾಲದ ಮಂಜೂರಾತಿ ದಿನಾಂಕವೋ 2022ರ ನಂತರದ್ದು.

ಇನ್ನು ಹಳೆ ಪದ್ಧತಿಗೆ ಮರಳುವ ವಿಚಾರ. ಕಡಿತವೆಂದರೆ ಅಷ್ಟು ತೆರಿಗೆ ಉಳಿಯಿತು ಎಂದಲ್ಲ, ಅಷ್ಟು ಆದಾಯ ಲೆಕ್ಕದಿಂದ ಹೊರಗೆ ಹೋಯಿತು ಎಂದಷ್ಟೇ. ಹಳೆ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರುವವರಿಗೆ 2 ಲಕ್ಷದ ಕಡಿತ ಸೆಸ್ (ತೆರಿಗೆಯ ಮೇಲಿನ ಉಪತೆರಿಗೆ) ಸೇರಿ 62,400 ರೂಪಾಯಿ ಉಳಿಸುತ್ತದೆ, ಶೇ 20ರ ಹಂತದವರಿಗೆ 41,600. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತವೇ ಇಲ್ಲ, ಅಸಲು ಮರುಪಾವತಿಗೆ 80ಸಿ ಕಡಿತವೂ ಇಲ್ಲ. ಬದಲಿಗೆ ದರಗಳು ಕಡಿಮೆ.

ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. ಹೊಸ ಪದ್ಧತಿಯಲ್ಲಿ 15 ಲಕ್ಷದಿಂದ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ನಿಗದಿತ ಕಡಿತ) ಕಳೆದರೆ 14.25 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಮುಂದಿನ 4 ಲಕ್ಷಕ್ಕೆ ಶೇ 5ರಂತೆ 20,000, ಅದರ ಮುಂದಿನ 4 ಲಕ್ಷಕ್ಕೆ ಶೇ 10ರಂತೆ 40,000, ಉಳಿದ 2.25 ಲಕ್ಷಕ್ಕೆ ಶೇ 15ರಂತೆ 33,750. ಒಟ್ಟು 93,750, ಶೇ 4 ಸೆಸ್ ಸೇರಿ 97,500 ರೂಪಾಯಿ.

ಹಳೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ ಪೂರ್ತಿ 1.5 ಲಕ್ಷ, ಬಡ್ಡಿ 2 ಲಕ್ಷ, ಆರೋಗ್ಯ ವಿಮೆಗೆ 25,000 ಎಲ್ಲ ಕಳೆದರೂ 10.75 ಲಕ್ಷ ಉಳಿಯುತ್ತದೆ. ತೆರಿಗೆ 1,35,000, ಸೆಸ್ ಸೇರಿ 1,40,400. ಅಂದರೆ ಗೃಹಸಾಲದ ಲಾಭ ಪೂರ್ತಿ ಪಡೆದೂ 42,900 ರೂಪಾಯಿ ಹೆಚ್ಚು ಕಟ್ಟುತ್ತೀರಿ. 80ಇಇಎಯ 1.5 ಲಕ್ಷವೂ ನಿಮಗೆ ಸಿಕ್ಕಿದ್ದರೆ? ಆಗಲೂ ತೆರಿಗೆ 1,01,400. ಹೊಸ ಪದ್ಧತಿಗಿಂತ 3,900 ಹೆಚ್ಚೇ.

15 ಲಕ್ಷ ಸಂಬಳದವರಿಗೆ ಹಳೆ ಪದ್ಧತಿ ಲಾಭ ಕೊಡಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750 ರೂಪಾಯಿಗಿಂತ ಹೆಚ್ಚಿನ ಕಡಿತಗಳು ಬೇಕು. ಸಂಬಳ 24.75 ಲಕ್ಷ ಮುಟ್ಟಿದರೆ ಈ ಗಡಿ 8 ಲಕ್ಷಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ದೊಡ್ಡ ಮೊತ್ತದ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಇಲ್ಲದೆ ಈ ಗಡಿ ದಾಟುವುದು ಕಷ್ಟ. ಮನೆ ಸಿದ್ಧವಾಗಿ ನೀವು ಅಲ್ಲಿಗೆ ಹೋದ ದಿನ ಎಚ್‌ಆರ್‌ಎ ನಿಂತುಹೋಗುತ್ತದೆ; ಸಿದ್ಧವಾಗುವ ಮುನ್ನ ಬಡ್ಡಿಯ ಕಡಿತವೇ ಶುರುವಾಗುವುದಿಲ್ಲ. ಎರಡೂ ಒಟ್ಟಿಗೆ ದೊಡ್ಡದಾಗಿ ಸಿಗುವುದು ಸ್ವಂತ ಮನೆ ಒಂದೂರಿನಲ್ಲಿ, ಕೆಲಸ ಮತ್ತು ಬಾಡಿಗೆ ಮನೆ ಇನ್ನೊಂದೂರಿನಲ್ಲಿ ಇರುವವರಿಗೆ.

ಫ್ಲ್ಯಾಟ್ ಕೈಸೇರಿದ ವರ್ಷ ಸಂಬಳ ಮತ್ತು ದರ ಬದಲಾಗಿರಬಹುದು, ಆಗ ಮತ್ತೆ ಲೆಕ್ಕ ಹಾಕಿ. ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ಆದರೆ ಹಳೆ ಪದ್ಧತಿ ಬೇಕಿದ್ದರೆ ರಿಟರ್ನನ್ನು ಗಡುವಿನೊಳಗೇ ಸಲ್ಲಿಸಬೇಕು. ತಡವಾಗಿ ಸಲ್ಲಿಸಿದರೆ ಆ ವರ್ಷಕ್ಕೆ ಹೊಸ ಪದ್ಧತಿಯೇ ಗತಿ, ಆಫೀಸಿನಲ್ಲಿ ಹಳೆಯದನ್ನು ಆರಿಸಿ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿಮೆ ಮಾಡಿಸಿಕೊಂಡಿದ್ದವರು ಬಾಕಿಯನ್ನು ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಹಳೆ ಪದ್ಧತಿಯನ್ನೇ ಆರಿಸುವವರು ಎಡವುವ ಕೆಲವು ಜಾಗಗಳನ್ನೂ ಹೇಳಿಬಿಡುತ್ತೇವೆ. ನಿರ್ಮಾಣದ ಅವಧಿಯಲ್ಲಿ ಕಟ್ಟಿದ ಬಡ್ಡಿಯನ್ನು ಆಯಾ ವರ್ಷವೇ ಕಳೆಯಲಾಗದು. ಮನೆ ಪೂರ್ಣಗೊಂಡ ಹಣಕಾಸು ವರ್ಷಕ್ಕೆ ಹಿಂದಿನ ಮಾರ್ಚ್ 31ರವರೆಗಿನ ಬಡ್ಡಿಯನ್ನು ಕೂಡಿಸಿ, ಪೂರ್ಣಗೊಂಡ ವರ್ಷದಿಂದ ಐದು ಸಮಕಂತುಗಳಲ್ಲಿ ಕಳೆಯಬೇಕು. ಈ ಕಂತು 2 ಲಕ್ಷದ ಮಿತಿಯ ಒಳಗೇ ಬರುತ್ತದೆ, ಹೊರಗಲ್ಲ. ನಿಮ್ಮ 40 ಲಕ್ಷದ ಸಾಲ ಪೂರ್ತಿ ಬಿಡುಗಡೆಯಾದ ಮೇಲೆ ಮಾಸಿಕ ಕಂತು ಸುಮಾರು 34,700 ರೂಪಾಯಿ, ಮೊದಲ ವರ್ಷದ ಬಡ್ಡಿಯೇ ಸುಮಾರು 3.37 ಲಕ್ಷ. ಮಿತಿ ಅಲ್ಲಿಗೇ ತುಂಬಿ ಹೋಗುವುದರಿಂದ ನಿರ್ಮಾಣಪೂರ್ವ ಬಡ್ಡಿಯ ಕಂತು ಬರಿ ಕಾಗದದ ಮೇಲೆ ಉಳಿಯುತ್ತದೆ. ಸಾಲ ಪಡೆದ ಹಣಕಾಸು ವರ್ಷ ಮುಗಿದ ಮೇಲೆ 5 ವರ್ಷದೊಳಗೆ, ನಿಮ್ಮ ವಿಷಯದಲ್ಲಿ 2031ರ ಮಾರ್ಚ್ 31ರೊಳಗೆ, ನಿರ್ಮಾಣ ಮುಗಿಯದಿದ್ದರೆ 2 ಲಕ್ಷದ ಮಿತಿ 30,000ಕ್ಕೆ ಇಳಿಯುತ್ತದೆ. 80ಸಿ ಅಡಿ ಅಸಲಿನ ಕಡಿತ ಪಡೆದವರು, ಸ್ವಾಧೀನ ಪಡೆದ ಹಣಕಾಸು ವರ್ಷದ ಕೊನೆಯಿಂದ 5 ವರ್ಷದೊಳಗೆ ಮನೆ ಮಾರಿದರೆ ಅದುವರೆಗೆ ಪಡೆದ ಅಸಲಿನ ಕಡಿತವೆಲ್ಲ ಮಾರಿದ ವರ್ಷದ ಆದಾಯಕ್ಕೆ ಸೇರುತ್ತದೆ. ಬಡ್ಡಿಯ ಕಡಿತಕ್ಕೆ ಈ ಕಾಟವಿಲ್ಲ. ಸ್ನೇಹಿತರಿಂದಲೋ ನೆಂಟರಿಂದಲೋ ಪಡೆದ ಸಾಲದ ಬಡ್ಡಿಗೆ 24(ಬಿ) ಅನ್ವಯಿಸುತ್ತದೆ, ಅಸಲಿಗೆ 80ಸಿ ಅನ್ವಯಿಸುವುದಿಲ್ಲ. ರಿಟರ್ನ್‌ನಲ್ಲಿ ಈಗ ಸಾಲ ಕೊಟ್ಟವರ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಬಾಕಿ ಮೊತ್ತ ಕೇಳುತ್ತಾರೆ. ಅಂದಾಜಿನ ಮೇಲೆ ಅಂಕಿ ತುಂಬುವ ಕಾಲ ಮುಗಿಯಿತು.

ಪತ್ನಿಯ ಹೆಸರು ಸೇರಿಸುವುದರಿಂದ ತೆರಿಗೆ ಲಾಭ ಇಮ್ಮಡಿಯಾಗುತ್ತದೆ ಎಂಬುದು ಹಳೆ ಪದ್ಧತಿಯ ಕಾಲದ ಸಲಹೆ. ಸಹಮಾಲೀಕರೂ ಸಹಸಾಲಗಾರರೂ ಆಗಿದ್ದರೆ ಇಬ್ಬರಿಗೂ ತಲಾ 2 ಲಕ್ಷ, ತಲಾ 1.5 ಲಕ್ಷ ಎಂಬುದು ಸರಿ. ಎರಡರಲ್ಲಿ ಒಂದು ಮಾತ್ರ ಆಗಿದ್ದವರಿಗೆ ಏನೂ ಇಲ್ಲ. ಆದರೆ ನಿಮ್ಮ ಪತ್ನಿಯ 8 ಲಕ್ಷ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ. ಸಂಬಳದಾರರಿಗೆ 12.75 ಲಕ್ಷದವರೆಗೆ 87ಎ ಸೆಕ್ಷನ್‌ನ ರಿಬೇಟ್‌ನಿಂದ, ಅಂದರೆ ತೆರಿಗೆ ಮನ್ನಾದಿಂದ, ತೆರಿಗೆ ಸೊನ್ನೆ. ಇಲ್ಲದ ತೆರಿಗೆಯಿಂದ ಕಳೆಯುವುದೇನು? ಜಂಟಿ ಮಾಲೀಕತ್ವಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ: ಸಾಲದ ಅರ್ಹತೆ ಹೆಚ್ಚುತ್ತದೆ, ಆಸ್ತಿಯಲ್ಲಿ ಆಕೆಗೆ ಹಕ್ಕು ಇರುತ್ತದೆ, ಮುಂದೆ ವಾರಸುದಾರಿಕೆಯ ತೊಡಕು ಕಡಿಮೆ. ಆ ಕಾರಣಗಳಿಗಾಗಿ ಸೇರಿಸುವುದಾದರೆ ಕ್ರಯಪತ್ರದಲ್ಲಿ ಯಾರ ಪಾಲು ಎಷ್ಟು ಎಂದು ಬರೆಸಿ, ಹಣವೂ ಅದೇ ಪ್ರಮಾಣದಲ್ಲಿ ಅವರವರ ಖಾತೆಯಿಂದ ಹೋಗಲಿ. ಒಮ್ಮೆ ಸಹಮಾಲೀಕರಾದರೆ ಮೊದಲ ಮನೆಯವರಿಗೆಂದು ಮುಂದೆ ಬರಬಹುದಾದ ಯೋಜನೆಗಳಿಗೆ ಆಕೆಯೂ ಅನರ್ಹರಾಗಬಹುದು ಎಂಬುದನ್ನೂ ಗಮನದಲ್ಲಿಡಿ.

ಮೊದಲ ಮನೆಯವರಿಗೆಂದೇ ಈಗ ಉಳಿದಿರುವ ಕೇಂದ್ರದ ನೆರವು ತೆರಿಗೆಯಲ್ಲಿಲ್ಲ, ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ದ ಬಡ್ಡಿ ಸಹಾಯಧನದಲ್ಲಿದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದರೆ ಮೊದಲ 8 ಲಕ್ಷ ಸಾಲಕ್ಕೆ ಶೇ 4ರ ಸಹಾಯಧನ, ಒಟ್ಟು ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ದೇಶದ ಎಲ್ಲಿಯೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ನಿಮ್ಮಿಬ್ಬರ ಆದಾಯ ಸೇರಿ 23 ಲಕ್ಷ, ಹಾಗಾಗಿ ಇದೂ ಇಲ್ಲ.

ಈಗ ನಿವೇಶನಕ್ಕೆ ಬರೋಣ. 6 ಲಕ್ಷಕ್ಕೆ ಕೊಂಡದ್ದನ್ನು 16 ಲಕ್ಷಕ್ಕೆ ಮಾರಿದರೆ 10 ಲಕ್ಷ ದೀರ್ಘಾವಧಿ ಬಂಡವಾಳ ಲಾಭ. ಶೇ 12.5ರಂತೆ ತೆರಿಗೆ, ಸೆಸ್ ಸೇರಿ 1,30,000 ರೂಪಾಯಿ. 2024ರ ಜುಲೈ 23ಕ್ಕೆ ಮುನ್ನ ಕೊಂಡ ಭೂಮಿಯಾದ್ದರಿಂದ ಹಣದುಬ್ಬರದ ಸೂಚ್ಯಂಕ ಹಾಕಿ ಶೇ 20ರಂತೆ ಕಟ್ಟುವ ಆಯ್ಕೆಯೂ ಇದೆ. ಸೂಚ್ಯಂಕ 2016-17ಕ್ಕೆ 264, 2025-26ಕ್ಕೆ 376. ಖರೀದಿ ಬೆಲೆ ಸುಮಾರು 8.55 ಲಕ್ಷಕ್ಕೆ ಏರಿ, ಲಾಭ ಸುಮಾರು 7.45 ಲಕ್ಷವಾಗಿ, ತೆರಿಗೆ ಸೆಸ್ ಬಿಟ್ಟೇ 1.49 ಲಕ್ಷದ ಹತ್ತಿರ ಬರುತ್ತದೆ. ನಿಮಗೆ ಶೇ 12.5 ವಾಸಿ.

ಆದರೆ ಎರಡನ್ನೂ ಕಟ್ಟಬೇಕಾಗಿಲ್ಲ. ವಾಸದ ಮನೆಯಲ್ಲದ ದೀರ್ಘಾವಧಿ ಆಸ್ತಿಯನ್ನು, ಅಂದರೆ ನಿವೇಶನ, ಚಿನ್ನ, ಷೇರು ಇಂಥವನ್ನು ಮಾರಿ ಬಂದ ಹಣವನ್ನು ಒಂದು ವಾಸದ ಮನೆಗೆ ಹಾಕಿದರೆ 54ಎಫ್ ಅಡಿ ಲಾಭಕ್ಕೆ ವಿನಾಯಿತಿ ಇದೆ. ಮಾರುವ ದಿನ ನಿಮ್ಮ ಹೆಸರಿನಲ್ಲಿ ಹೊಸ ಮನೆ ಬಿಟ್ಟು ಒಂದಕ್ಕಿಂತ ಹೆಚ್ಚು ಮನೆ ಇರಬಾರದು ಅಷ್ಟೆ. ಇದು ಹೊಸ ಪದ್ಧತಿಯಲ್ಲೂ ಸಿಗುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಹೊಸ ಪದ್ಧತಿ ಎಂದರೆ ಎಲ್ಲ ವಿನಾಯಿತಿಗೂ ಎಳ್ಳುನೀರು ಎಂದುಕೊಂಡು ತೆರಿಗೆ ಕಟ್ಟಿಬಿಡುತ್ತಾರೆ.

ಇಲ್ಲಿ ತಪ್ಪುವುದು ಮೊತ್ತದಲ್ಲಿ. ಹೂಡಬೇಕಾದ್ದು ಲಾಭವನ್ನಲ್ಲ, ಮಾರಾಟದಿಂದ ಕೈಗೆ ಬಂದ ಪೂರ್ತಿ ಹಣವನ್ನು. 16 ಲಕ್ಷವೂ ಫ್ಲ್ಯಾಟಿಗೆ ಹೋದರೆ ತೆರಿಗೆ ಸೊನ್ನೆ. 12 ಲಕ್ಷ ಮಾತ್ರ ಹೋದರೆ 10 ಲಕ್ಷ ಲಾಭದ ಹದಿನಾರರಲ್ಲಿ ಹನ್ನೆರಡು ಪಾಲು, ಅಂದರೆ 7.5 ಲಕ್ಷಕ್ಕೆ ವಿನಾಯಿತಿ. ಉಳಿದ 2.5 ಲಕ್ಷಕ್ಕೆ ಸೆಸ್ ಸೇರಿ 32,500 ಕಟ್ಟಬೇಕು. ನಿಮ್ಮ ಫ್ಲ್ಯಾಟಿಗೆ ಸಾಲ ಕಳೆದು 12 ಲಕ್ಷ ಬೇಕು. ಅದರ ಮೇಲೆ ಶೇ 5 ಜಿಎಸ್‌ಟಿ 2.6 ಲಕ್ಷ. 45 ಲಕ್ಷದೊಳಗಿದ್ದು, ಮೈಸೂರಿನಂಥ ಊರಿನಲ್ಲಿ 90 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣ ಮೀರದಿದ್ದರೆ ಶೇ 1 ಸಾಕಿತ್ತು. ಕರ್ನಾಟಕದಲ್ಲಿ ಈಗ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಎಂದರೆ 52 ಲಕ್ಷಕ್ಕೆ 3,95,200 ರೂಪಾಯಿ. ಇವೆಲ್ಲ ಮನೆ ಕೊಳ್ಳುವ ವೆಚ್ಚವೇ ಆದ್ದರಿಂದ 16 ಲಕ್ಷವನ್ನು ಪೂರ್ತಿ ಇದರಲ್ಲೇ ತೊಡಗಿಸಲು ನಿಮಗೆ ಕಷ್ಟವಿಲ್ಲ. ನಿವೇಶನದ ಹಣದಲ್ಲಿ ಕಾರು ಕೊಂಡು ಫ್ಲ್ಯಾಟಿಗೆ ಹೆಚ್ಚು ಸಾಲ ಮಾಡುವ ಯೋಚನೆ ಮಾತ್ರ ಬೇಡ.

ಗಡುವು ಹೀಗಿದೆ: ಸಿದ್ಧ ಮನೆಯಾದರೆ ಮಾರಾಟಕ್ಕೆ 1 ವರ್ಷ ಮುಂಚಿನಿಂದ 2 ವರ್ಷದ ನಂತರದವರೆಗೆ ಕೊಳ್ಳಬಹುದು, ನಿರ್ಮಾಣವಾದರೆ 3 ವರ್ಷದೊಳಗೆ ಮುಗಿಯಬೇಕು. ಬಿಲ್ಡರ್ ಕಟ್ಟುತ್ತಿರುವ ಫ್ಲ್ಯಾಟನ್ನು ಸಾಮಾನ್ಯವಾಗಿ ನಿರ್ಮಾಣವೆಂದೇ ಪರಿಗಣಿಸುತ್ತಾರೆ. 2025-26ರಲ್ಲೇ ಮಾರಿದರೂ 2027ರ ಡಿಸೆಂಬರ್ 3 ವರ್ಷದೊಳಗೇ ಬರುತ್ತದೆ, ಆದರೆ ಬಿಲ್ಡರ್ ಮಾತಿಗೆ ಒಂದು ವರ್ಷ ಸೇರಿಸಿ ಲೆಕ್ಕ ಹಾಕುವುದು ಜಾಣತನ. ಹಣ ಬೇಕಾಗುವ ಹೊತ್ತಿಗೇ ನಿವೇಶನ ಮಾರಿ, ಮುಂಚೆ ಬೇಡ. ಗಡಿಯಾರ ಓಡಲು ಶುರುವಾಗುವುದು ನಿವೇಶನ ಮಾರಿದ ದಿನದಿಂದ.

ರಿಟರ್ನ್ ಸಲ್ಲಿಸುವ ಗಡುವಿನ ಹೊತ್ತಿಗೆ, ಅಂದರೆ 2025-26ರಲ್ಲಿ ಮಾರಿದರೆ 2026ರ ಜುಲೈ 31ಕ್ಕೆ, ಬಿಲ್ಡರ್‌ಗೆ ಹೋಗದೆ ಉಳಿದ ಹಣವನ್ನು ಕ್ಯಾಪಿಟಲ್ ಗೇನ್ಸ್ ಅಕೌಂಟ್ ಸ್ಕೀಮ್ ಖಾತೆಗೆ ಹಾಕಲೇಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇಟ್ಟರೆ ವಿನಾಯಿತಿ ಕೈ ತಪ್ಪುತ್ತದೆ. ಗ್ರಾಮೀಣ ಶಾಖೆಗಳಲ್ಲಿ ಈ ಖಾತೆ ತೆರೆಯುವುದಿಲ್ಲ, ನಗರದ ಶಾಖೆಗೇ ಹೋಗಿ. ಟೈಪ್ ಎ ಎಂದರೆ ಉಳಿತಾಯ ಖಾತೆಯಂತೆ, ಟೈಪ್ ಬಿ ಎಂದರೆ ನಿಶ್ಚಿತ ಠೇವಣಿಯಂತೆ. ಕಂತು ಕಂತಾಗಿ ಬಿಲ್ಡರ್‌ಗೆ ಕೊಡಬೇಕಿರುವ ನಿಮಗೆ ಟೈಪ್ ಎ ಸರಿ. ಹಣ ತೆಗೆಯಲು ಫಾರ್ಮ್ ಸಿ ಕೊಡಬೇಕು, ತೆಗೆದ 60 ದಿನದೊಳಗೆ ಮನೆಗೇ ಬಳಸಬೇಕು. ಗಡುವಿನ ದಿನ ಬ್ಯಾಂಕಿನಲ್ಲಿ ಫಾರ್ಮ್ ಇಲ್ಲ, ಸಿಬ್ಬಂದಿಗೆ ಗೊತ್ತಿಲ್ಲ ಎಂಬ ಗೋಳು ಸಾಮಾನ್ಯ, ಜುಲೈ ಮೊದಲ ವಾರವೇ ಮುಗಿಸಿ. ಹೊಸ ಫ್ಲ್ಯಾಟನ್ನು 3 ವರ್ಷ ಮಾರುವಂತಿಲ್ಲ, ನಿವೇಶನ ಮಾರಿದ 2 ವರ್ಷದೊಳಗೆ ಇನ್ನೊಂದು ಮನೆ ಕೊಳ್ಳುವಂತಿಲ್ಲ. ನಿವೇಶನ ನಿಮ್ಮ ಹೆಸರಿನಲ್ಲಿದ್ದರೆ ಫ್ಲ್ಯಾಟಿನ ಕ್ರಯಪತ್ರದಲ್ಲಿಯೂ ನಿಮ್ಮ ಹೆಸರಿರಲೇಬೇಕು. ಪತ್ನಿ ಒಬ್ಬರ ಹೆಸರಿಗೇ ಮಾಡಿಸಿ ವಿನಾಯಿತಿ ಕೇಳಿದರೆ ತಕರಾರು ಖಚಿತ.

ನೀವು ಕೇಳದಿದ್ದರೂ ಹೇಳಬೇಕಾದ ಇನ್ನೊಂದು ವಿಷಯ: ಬೆಲೆ 50 ಲಕ್ಷ ಮುಟ್ಟಿದ್ದರಿಂದ ಬಿಲ್ಡರ್‌ಗೆ ಕೊಡುವ ಪ್ರತಿ ಕಂತಿನಲ್ಲೂ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವುದು ನಿಮ್ಮ ಹೊಣೆ. ಪಾರ್ಕಿಂಗ್, ಕ್ಲಬ್ ಸದಸ್ಯತ್ವ, ನಿರ್ವಹಣಾ ಶುಲ್ಕವೂ ಬೆಲೆಗೆ ಸೇರುತ್ತವೆ. 48 ಲಕ್ಷದ ಫ್ಲ್ಯಾಟಿಗೆ 3 ಲಕ್ಷದ ಪಾರ್ಕಿಂಗ್ ಸೇರಿದರೂ ಗಡಿ ದಾಟಿದಂತೆಯೇ. ಇಬ್ಬರು ಖರೀದಿದಾರರಿದ್ದು ಒಬ್ಬೊಬ್ಬರ ಪಾಲು 26 ಲಕ್ಷವೇ ಎಂದರೂ 2024ರ ಅಕ್ಟೋಬರ್‌ನಿಂದ ಒಟ್ಟು ಬೆಲೆಯನ್ನೇ ನೋಡುತ್ತಾರೆ, ಮತ್ತು ಇಬ್ಬರೂ ತಮ್ಮ ತಮ್ಮ ಪ್ಯಾನ್‌ನಲ್ಲಿ ಬೇರೆ ಬೇರೆ 26ಕ್ಯೂಬಿ (ಈ ಟಿಡಿಎಸ್ ಕಟ್ಟುವ ಫಾರ್ಮ್) ಸಲ್ಲಿಸಬೇಕು. ಕಡಿತ ಮಾಡಿದ ತಿಂಗಳ ಕೊನೆಯಿಂದ 30 ದಿನ ಗಡುವು. ಮೀರಿದರೆ ದಿನಕ್ಕೆ 200 ರೂಪಾಯಿ ಶುಲ್ಕ, ಜೊತೆಗೆ ಬಡ್ಡಿ. ಬ್ಯಾಂಕು ಸಾಲದ ಕಂತನ್ನು ನೇರವಾಗಿ ಬಿಲ್ಡರ್‌ಗೆ ಪೂರ್ತಿ ಕಳುಹಿಸಿಬಿಡುವಾಗ ಈ ಶೇ 1 ಮರೆತುಹೋಗುತ್ತದೆ. ಕಂತು ಬಿಡುಗಡೆಗೆ ಪತ್ರ ಕೊಡುವಾಗಲೇ ಶೇ 99 ಬಿಲ್ಡರ್‌ಗೆ, ಉಳಿದದ್ದು ಟಿಡಿಎಸ್‌ಗೆ ಎಂದು ಬರೆಯಿರಿ, ಅಥವಾ ಆ ಶೇ 1 ಅನ್ನು ನಿಮ್ಮ ಪಾಲಿನ ಹಣದಿಂದ ಕಟ್ಟಿ ಬಿಲ್ಡರ್ ಲೆಕ್ಕಕ್ಕೆ ಹೊಂದಿಸಿ. ಬಿಲ್ಡರ್ ಪ್ಯಾನ್ ಸಕ್ರಿಯವಾಗಿದೆಯೇ ಎಂದು ಮೊದಲ ಕಂತಿಗೂ ಮುನ್ನ ನೋಡಿಕೊಳ್ಳಿ, ನಿಷ್ಕ್ರಿಯವಾಗಿದ್ದರೆ ದರ ಶೇ 20.

ಕೊನೆಗೆ ಸಾಲದ ಬಗ್ಗೆ. ಹೊಸ ಪದ್ಧತಿಯಲ್ಲಿರುವವರಿಗೆ ಬಡ್ಡಿಯ ಮೇಲೆ ತೆರಿಗೆ ಉಳಿತಾಯವಿಲ್ಲ, ಹಾಗಾಗಿ ಶೇ 8.5 ಎಂದರೆ ಪೂರ್ತಿ ಶೇ 8.5. ತೆರಿಗೆ ಉಳಿಯುತ್ತದೆ, ಸಾಲ ಬೇಗ ತೀರಿಸಬೇಡಿ ಎಂಬ ಹಳೆಯ ಬುದ್ಧಿಮಾತು ನಿಮಗೆ ಈಗ ಸಲ್ಲದು. ತೆರಿಗೆ ಕಳೆದು ಶೇ 8.5ಕ್ಕಿಂತ ಹೆಚ್ಚು ಗಳಿಸುವ ಖಚಿತ ದಾರಿ ನಿಮ್ಮಲ್ಲಿ ಇಲ್ಲದಿದ್ದರೆ, ತುರ್ತು ನಿಧಿ ಬದಿಗಿಟ್ಟು ಬೋನಸ್ ಬಂದಾಗಲೆಲ್ಲ ಅಸಲಿಗೆ ಹಾಕಿ. ವ್ಯಕ್ತಿಗಳ ಫ್ಲೋಟಿಂಗ್ (ಏರಿಳಿಯುವ) ದರದ ಗೃಹಸಾಲಕ್ಕೆ ಮುಂಗಡ ಪಾವತಿ ಶುಲ್ಕ ವಿಧಿಸುವಂತಿಲ್ಲ. ಹಣ ಕಟ್ಟುವಾಗ ಮಾಸಿಕ ಕಂತಿನ ಮೊತ್ತ ಇಳಿಸಬೇಡಿ, ಅವಧಿ ಇಳಿಸಿ ಎಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅದು ಆಗಿದೆಯೇ ನೋಡಿ.